ಟರ್ನೋವರ್: ಪದ ಒಂದು, ಲೆಕ್ಕ ಹಲವು

‘ನಿಮ್ಮ ಟರ್ನೋವರ್ ಎಷ್ಟು?’ ಎಂಬ ಪ್ರಶ್ನೆಯನ್ನು ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ವರ್ಷದಲ್ಲಿ ಹತ್ತಾರು ಬಾರಿ ಎದುರಿಸುತ್ತಾರೆ. ಜಿಎಸ್‌ಟಿ ನೋಂದಣಿಯ ಅರ್ಜಿಯಲ್ಲಿ, ಆದಾಯ ತೆರಿಗೆ ರಿಟರ್ನ್‌ನಲ್ಲಿ, ಬ್ಯಾಂಕಿನ ಸಾಲದ ಅರ್ಜಿಯಲ್ಲಿ, ಉದ್ಯಮ್ ನೋಂದಣಿಯಲ್ಲಿ, ಟೆಂಡರ್ ಪತ್ರಗಳಲ್ಲಿ ಈ ಪ್ರಶ್ನೆ ತಪ್ಪದೆ ಇರುತ್ತದೆ. ಬಹುತೇಕ ವರ್ತಕರು ಎಲ್ಲ ಕಡೆಯೂ ಒಂದೇ ಅಂಕಿಯನ್ನು ಬರೆಯುತ್ತಾರೆ. ಕೆಲವರು ಒಂದೊಂದು ಕಡೆ ಒಂದೊಂದು ಅಂಕಿಯನ್ನು ಕೊಟ್ಟು, ಅವುಗಳ ನಡುವಣ ವ್ಯತ್ಯಾಸಕ್ಕೆ ಕಾರಣ ಕೇಳಿದಾಗ ಉತ್ತರವಿಲ್ಲದೆ ನಿಲ್ಲುತ್ತಾರೆ. ಈ ಎರಡೂ ರೂಢಿಗಳು ಅಪಾಯಕರವಾದವು. ಏಕೆಂದರೆ ಟರ್ನೋವರ್ ಎಂಬ ಪದ ಒಂದೇ ಆದರೂ ಪ್ರತಿಯೊಂದು ಕಾಯ್ದೆಯೂ ಅದರ ಮೂಲಕ ಬೇರೆ ಬೇರೆ ಮೊತ್ತವನ್ನು ಕೇಳುತ್ತದೆ.

ಪದದ ಹಿನ್ನೆಲೆ

‘ಟರ್ನ್’ ಎಂದರೆ ತಿರುಗು. ‘ಓವರ್’ ಎಂದರೆ ಮೇಲೆ ಅಥವಾ ಆಚೆಗೆ. ಈ ಎರಡು ಪದಗಳು ಕೂಡಿ ಆದ ‘ಟರ್ನೋವರ್’ ಪದಕ್ಕೆ ಮೂಲದಲ್ಲಿ ಮಗುಚುವಿಕೆ, ಹೊರಳುವಿಕೆ ಎಂಬ ಅರ್ಥವಿದೆ. ಬೇಕರಿ ಕಸುಬಿನಲ್ಲಿ ಹಿಟ್ಟಿನ ಹಾಳೆಯ ಮೇಲೆ ಹೂರಣವಿಟ್ಟು, ಕರಿಗಡುಬಿನಂತೆ ಅರ್ಧಕ್ಕೆ ಮಡಿಚಿ ಬೇಯಿಸಿದ ತಿನಿಸಿಗೂ ಇದೇ ಹೆಸರು. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡು ಎದುರಾಳಿಯ ಕೈಸೇರುವುದಕ್ಕೂ ಇದೇ ಪದ. ಅದೇ ಎರಡು ಪದಗಳನ್ನು ಹಿಂದುಮುಂದಾಗಿಸಿ ‘ಓವರ್‌ಟರ್ನ್’ ಎಂದರೆ ಮೇಲಿನ ನ್ಯಾಯಾಲಯವು ಕೆಳಗಿನ ನ್ಯಾಯಾಲಯದ ತೀರ್ಪನ್ನು ರದ್ದುಪಡಿಸುವುದು ಎಂಬ ಅರ್ಥವೂ ಬರುತ್ತದೆ.

ವ್ಯಾಪಾರದಲ್ಲಿ ಈ ಪದವು ಬಂಡವಾಳದ ಹೊರಳುವಿಕೆಯನ್ನು ಸೂಚಿಸುತ್ತದೆ. ಹಣವು ಸರಕಾಗಿ, ಸರಕು ಬಾಕಿಯಾಗಿ, ಬಾಕಿಯು ಮತ್ತೆ ಹಣವಾಗಿ ಕೈಗೆ ಬರುವುದು ಒಂದು ಸುತ್ತು. ವರ್ಷದಲ್ಲಿ ಇಂತಹ ಸುತ್ತುಗಳ ಮೂಲಕ ನಡೆದ ಒಟ್ಟು ವ್ಯಾಪಾರದ ಮೊತ್ತವೇ ಟರ್ನೋವರ್ ಎನಿಸಿತು. ಕನ್ನಡದಲ್ಲಿ ಇದಕ್ಕೆ ‘ವಹಿವಾಟು’ ಎಂಬ ಪದ ಬಳಕೆಯಲ್ಲಿದೆ. ಆದರೆ ಕೊಡುವ ಹಾಗೂ ತೆಗೆದುಕೊಳ್ಳುವ ಎಲ್ಲ ವ್ಯವಹಾರವನ್ನೂ ವಹಿವಾಟು ಎನ್ನುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಬ್ಯಾಂಕ್ ಖಾತೆಯಲ್ಲಿ ನಡೆದದ್ದೆಲ್ಲವೂ ವಹಿವಾಟೇ ಹೌದು; ಆದರೆ ಅದೆಲ್ಲವೂ ಟರ್ನೋವರ್ ಅಲ್ಲ.

ಈ ಪದವು ಕರ್ನಾಟಕದ ವರ್ತಕರಿಗೆ ಹೊಸದೇನಲ್ಲ. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯ 6-ಬಿ ಕಲಮಿನಡಿ ಇದ್ದ ‘ಟರ್ನೋವರ್ ಟ್ಯಾಕ್ಸ್’ ಹಿರಿಯ ವರ್ತಕರಿಗೆ ‘ಟಿಓಟಿ’ ಎಂದೇ ನೆನಪಿನಲ್ಲಿದೆ. ಅಂದು ಒಟ್ಟು ಟರ್ನೋವರ್ ಮತ್ತು ತೆರಿಗೆಯೋಗ್ಯ ಟರ್ನೋವರ್ ಎಂಬ ಭೇದ ತಿಳಿದಿದ್ದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ಇಂದು ಆ ಭೇದಗಳ ಸಂಖ್ಯೆ ಹೆಚ್ಚಿದೆ.

ಜಿಎಸ್‌ಟಿಯ ‘ಒಟ್ಟು ಟರ್ನೋವರ್’

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 2(6)ನೇ ಕಲಮು ಒಟ್ಟು ಟರ್ನೋವರನ್ನು ವ್ಯಾಖ್ಯಾನಿಸುತ್ತದೆ. ಒಂದೇ ಪ್ಯಾನ್ ಸಂಖ್ಯೆಯಡಿ ದೇಶದಾದ್ಯಂತ ನಡೆದ ತೆರಿಗೆಯೋಗ್ಯ ಪೂರೈಕೆ, ವಿನಾಯಿತಿ ಪಡೆದ ಪೂರೈಕೆ, ರಫ್ತು ಹಾಗೂ ಅಂತರರಾಜ್ಯ ಪೂರೈಕೆ ಇವೆಲ್ಲವೂ ಇದರಲ್ಲಿ ಸೇರುತ್ತವೆ. ಜಿಎಸ್‌ಟಿ ಮತ್ತು ಸೆಸ್ ಮೊತ್ತಗಳು ಸೇರುವುದಿಲ್ಲ. ರಿವರ್ಸ್ ಚಾರ್ಜ್ ಅಡಿ ತೆರಿಗೆ ಕಟ್ಟಬೇಕಾದ ಖರೀದಿಗಳೂ ಸೇರುವುದಿಲ್ಲ.

ಈ ವ್ಯಾಖ್ಯಾನದಲ್ಲಿ ವರ್ತಕರು ಎಡವುವ ಸ್ಥಳಗಳು ನಾಲ್ಕು.

ಮೊದಲನೆಯದು, ತೆರಿಗೆಯಿಲ್ಲದ ಸರಕಿನ ಮಾರಾಟ. ‘ತರಕಾರಿ, ಹಾಲಿಗೆ ತೆರಿಗೆಯೇ ಇಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ’ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಪೂರ್ಣವಾಗಿ ತೆರಿಗೆರಹಿತ ಸರಕನ್ನು ಮಾತ್ರ ಮಾರುವವರಿಗೆ, ವ್ಯಾಪಾರ ಎಷ್ಟೇ ದೊಡ್ಡದಿರಲಿ, 23ನೇ ಕಲಮಿನಂತೆ ನೋಂದಣಿಯ ಅಗತ್ಯವಿಲ್ಲ. ಆದರೆ ಅದೇ ಅಂಗಡಿಯಲ್ಲಿ ತೆರಿಗೆಯುಳ್ಳ ಸರಕೂ ಮಾರಾಟವಾದರೆ ಎರಡೂ ಬಗೆಯ ಮಾರಾಟವನ್ನು ಕೂಡಿಸಿಯೇ ಮಿತಿಯನ್ನು ನೋಡಬೇಕು.

ಎರಡನೆಯದು, 40 ಲಕ್ಷ ರೂಪಾಯಿಗಳ ಮಿತಿ. 2019ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಜಾರಿಯಲ್ಲಿರುವ ಈ ಮಿತಿಯು ಕೇವಲ ಸರಕುಗಳನ್ನು ಪೂರೈಸುವವರಿಗೆ ಮಾತ್ರ ಅನ್ವಯಿಸುತ್ತದೆ. ಐಸ್‌ಕ್ರೀಮ್, ಪಾನ್ ಮಸಾಲೆ, ತಂಬಾಕು ಮೊದಲಾದವುಗಳ ಪೂರೈಕೆದಾರರಿಗೆ ಅದು ಇಲ್ಲ. ಸೇವೆಯನ್ನು ಒದಗಿಸುವವರ ಮಿತಿ 20 ಲಕ್ಷ ರೂಪಾಯಿ. ಬೇರೆಯವರ ಕಚ್ಚಾವಸ್ತುವನ್ನು ಪಡೆದು ಲೇತ್, ಮಿಲ್ಲಿಂಗ್, ಲೇಪನ ಮುಂತಾದ ಕೆಲಸ ಮಾಡಿಕೊಡುವ ಜಾಬ್ ವರ್ಕ್ ಘಟಕಗಳು ಸೇವೆಯ ವರ್ಗಕ್ಕೆ ಸೇರುತ್ತವೆ. ಯಂತ್ರವಿದೆ, ಕಾರ್ಮಿಕರಿದ್ದಾರೆ, ಕಬ್ಬಿಣದ ಬಿಡಿಭಾಗವೇ ಹೊರಬರುತ್ತದೆ ಎಂಬ ಕಾರಣದಿಂದ ತಮ್ಮನ್ನು ಸರಕಿನ ತಯಾರಕರೆಂದು ಭಾವಿಸಿ 40 ಲಕ್ಷದವರೆಗೆ ಕಾಯುವವರು ತಡವಾಗಿ ಎಚ್ಚರಗೊಳ್ಳುತ್ತಾರೆ. ಇದರಲ್ಲಿ ಒಂದು ಸಮಾಧಾನವೂ ಉಂಟು. ಕಚ್ಚಾವಸ್ತುವಿನ ಬೆಲೆಯು ಜಾಬ್ ವರ್ಕ್ ಮಾಡುವವರ ಟರ್ನೋವರಿಗೆ ಸೇರದು. ಅವರ ಕೂಲಿಯ ಮೊತ್ತ ಮಾತ್ರ ಸೇರುತ್ತದೆ.

ಮೂರನೆಯದು, ವ್ಯಾಪಾರಕ್ಕೆ ಸಂಬಂಧವಿಲ್ಲವೆಂದು ತೋರುವ ಆದಾಯ. ಮನೆಯನ್ನು ವಾಸಕ್ಕೆ ಬಾಡಿಗೆಗೆ ಕೊಟ್ಟರೆ ಅದು ಸಾಮಾನ್ಯವಾಗಿ ತೆರಿಗೆ ವಿನಾಯಿತಿಯುಳ್ಳ ಸೇವೆ. ಆದರೂ ಅದು ಪೂರೈಕೆಯೇ. ಅದೇ ಪ್ಯಾನ್ ಹೊಂದಿದ ಮಾಲೀಕರ ಒಟ್ಟು ಟರ್ನೋವರಿನಲ್ಲಿ ಬಾಡಿಗೆ ಸೇರುತ್ತದೆ. ಅಷ್ಟೇ ಅಲ್ಲ, ‘ಕೇವಲ ಸರಕು’ ಎಂಬ ಷರತ್ತಿಗೆ ಧಕ್ಕೆ ಬಂದು 40 ಲಕ್ಷದ ಮಿತಿಯೇ ಕೈತಪ್ಪುವ ಸಂಭವವೂ ಇದೆ. ಈ ಷರತ್ತಿನಿಂದ ಕಾಯ್ದೆಯು ಸ್ಪಷ್ಟವಾಗಿ ಬಿಡುಗಡೆ ಕೊಟ್ಟಿರುವುದು ಸಾಲ, ಠೇವಣಿ ಹಾಗೂ ಮುಂಗಡಗಳ ಮೇಲಿನ ಬಡ್ಡಿಗೆ ಮಾತ್ರ. ಬಡ್ಡಿಯ ವಿಷಯದಲ್ಲಿಯೂ ಇನ್ನೊಂದು ಸೂಕ್ಷ್ಮವಿದೆ. ಕಾಂಪೋಸಿಷನ್ ಯೋಜನೆಯ ಅರ್ಹತೆಯನ್ನು ನೋಡುವಾಗ ಬಡ್ಡಿಯನ್ನು ಬಿಡಬಹುದು. ನೋಂದಣಿಯ ಮಿತಿಗೆ ಮಾತ್ರ ಅದನ್ನು ಸೇರಿಸಬೇಕೆಂದು ಗುಜರಾತಿನ ಮುಂಗಡ ತೀರ್ಪು ಪ್ರಾಧಿಕಾರವು 2020ರಲ್ಲಿ ಅಭಿಪ್ರಾಯಪಟ್ಟಿದೆ.

ನಾಲ್ಕನೆಯದು, ಶಾಖೆಗಳ ನಡುವಣ ಸಾಗಣೆ. ಬೆಳಗಾವಿಯ ಕಾರ್ಖಾನೆಯಿಂದ ಪುಣೆಯ ಸ್ವಂತ ಡಿಪೋಗೆ ಕಳುಹಿಸಿದ ಮಾಲು ಇನ್ನೂ ಮಾರಾಟವಾಗಿಲ್ಲದಿರಬಹುದು. ಆದರೆ ಎರಡು ರಾಜ್ಯಗಳ ಎರಡು ನೋಂದಣಿಗಳನ್ನು ಕಾಯ್ದೆಯು ಭಿನ್ನ ವ್ಯಕ್ತಿಗಳೆಂದು ಪರಿಗಣಿಸುವುದರಿಂದ ಆ ಸಾಗಣೆಯೂ ಪೂರೈಕೆಯೇ ಆಗುತ್ತದೆ. ಹಳೆಯ ಯಂತ್ರವನ್ನು ಮಾರಿದ ಮೊತ್ತವೂ ಹಾಗೆಯೇ ಸೇರುತ್ತದೆ.

ಕಾಂಪೋಸಿಷನ್ ಯೋಜನೆಯನ್ನು ಆರಿಸಿಕೊಂಡವರಿಗೆ ಈ ಕಾಯ್ದೆಯೊಳಗೇ ಮತ್ತೊಂದು ಭೇದ ಎದುರಾಗುತ್ತದೆ. ಹಿಂದಿನ ವರ್ಷದ ಒಟ್ಟು ಟರ್ನೋವರ್ 1.5 ಕೋಟಿ ರೂಪಾಯಿ ಮೀರಿರಬಾರದು ಎಂಬುದು ಅರ್ಹತೆಯ ನಿಯಮ. ಆದರೆ ಶೇ. 1ರ ತೆರಿಗೆಯನ್ನು ಕಟ್ಟುವಾಗ ವರ್ತಕರು ತೆರಿಗೆಯೋಗ್ಯ ಸರಕಿನ ಮಾರಾಟದ ಮೇಲೆ ಮಾತ್ರ ಕಟ್ಟಿದರೆ ಸಾಕು. ತಯಾರಕರು ರಾಜ್ಯದೊಳಗಿನ ಪೂರ್ಣ ಟರ್ನೋವರಿನ ಮೇಲೆ ಕಟ್ಟಬೇಕು. ತೆರಿಗೆರಹಿತ ಸರಕನ್ನೂ ಮಾರುವ ಕಿರಾಣಿ ವರ್ತಕರು ಇದನ್ನು ಅರಿಯದೆ ಹೆಚ್ಚಿನ ತೆರಿಗೆ ಕಟ್ಟಿರುವುದುಂಟು.

ಖಾತೆಗೆ ಬಂದದ್ದೆಲ್ಲವೂ ಟರ್ನೋವರ್ ಅಲ್ಲ

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಜಮೆಯಾದ ಮೊತ್ತಗಳನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರಲ್ಲದೆ ತರಕಾರಿ ಮಾರುವವರಿಗೂ ನೋಟಿಸು ಬಂದುದು ಪತ್ರಿಕೆಗಳಲ್ಲಿ ವರದಿಯಾಯಿತು. ಅನೇಕರು ಅಂಗಡಿಯ ಮುಂದಿನ ಕ್ಯೂಆರ್ ಫಲಕವನ್ನು ತೆಗೆದು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಪ್ರತಿಭಟನೆಯ ನಂತರ, ನೋಂದಣಿ ಮಾಡಿಸಿಕೊಳ್ಳುವ ಷರತ್ತಿನ ಮೇಲೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ರಾಜ್ಯ ಸರ್ಕಾರವು ಅದೇ ತಿಂಗಳು ತಿಳಿಸಿತು. ಆ ಸಂದರ್ಭ ಮುಗಿಯಿತು. ಅದು ಎತ್ತಿದ ಪ್ರಶ್ನೆ ಮಾತ್ರ ಉಳಿದಿದೆ. ಜಮೆಯಾದ ಹಣ ಮತ್ತು ಟರ್ನೋವರ್ ಇವೆರಡೂ ಒಂದೇ ಏನು?

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಕೇವಲ ಸರಕನ್ನು ಮಾರುವ, ನೋಂದಣಿಯಾಗದ ಕಿರಾಣಿ ವರ್ತಕರೊಬ್ಬರ ಖಾತೆಗೆ ವರ್ಷದಲ್ಲಿ 44 ಲಕ್ಷ ರೂಪಾಯಿ ಜಮೆಯಾಗಿದೆ. ಅದರಲ್ಲಿ ಸಂಬಂಧಿಕರಿಂದ ಪಡೆದ ಕೈಗಡ 3 ಲಕ್ಷ, ತಮ್ಮದೇ ಇನ್ನೊಂದು ಖಾತೆಯಿಂದ ವರ್ಗಾಯಿಸಿದ್ದು 2.5 ಲಕ್ಷ, ಚೀಟಿ ಎತ್ತಿದ ಹಣ 2 ಲಕ್ಷ, ಪರಿಚಯದವರಿಗೆ ನಗದು ಕೊಟ್ಟು ಖಾತೆಗೆ ಹಾಕಿಸಿಕೊಂಡದ್ದು 1.5 ಲಕ್ಷ. ಈ 9 ಲಕ್ಷವನ್ನು ಕಳೆದರೆ ಮಾರಾಟದಿಂದ ಬಂದದ್ದು 35 ಲಕ್ಷ. ಇದಕ್ಕೆ ನಗದು ಮಾರಾಟ 4 ಲಕ್ಷವನ್ನು ಕೂಡಿಸಬೇಕು. ಆಗ ಅವರ ನಿಜವಾದ ಟರ್ನೋವರ್ 39 ಲಕ್ಷ. ಅವರು ಮಿತಿಯೊಳಗೆ ಇದ್ದಾರೆ.

ಆದರೆ ಇದನ್ನು ತೋರಿಸುವುದು ಹೇಗೆ? ಕೈಗಡಕ್ಕೆ ಪತ್ರವಿಲ್ಲ, ಚೀಟಿಗೆ ಪುಸ್ತಕವಿಲ್ಲ, ನಗದು ಮಾರಾಟಕ್ಕೆ ದಿನವಹಿ ಇಲ್ಲ ಎಂದಾದರೆ 44 ಲಕ್ಷವೇ ಟರ್ನೋವರ್ ಎಂಬ ಊಹೆಗೆ ಪ್ರತಿಯಾಗಿ ಹೇಳಲು ಏನೂ ಇರುವುದಿಲ್ಲ. ವ್ಯಾಪಾರಕ್ಕೆ ಒಂದು ಖಾತೆ, ಮನೆಯ ವ್ಯವಹಾರಕ್ಕೆ ಇನ್ನೊಂದು ಖಾತೆ ಎಂಬ ಸಣ್ಣ ಶಿಸ್ತು ಇಲ್ಲಿ ದೊಡ್ಡ ರಕ್ಷಣೆಯಾಗುತ್ತದೆ. ಕ್ಯೂಆರ್ ಫಲಕವನ್ನು ತೆಗೆದುಹಾಕುವುದು ಪರಿಹಾರವಲ್ಲ. ನಗದಿನಲ್ಲಿ ಮಾರಿದರೂ ಅದು ಟರ್ನೋವರೇ.

ಮಿತಿ ಮೀರಿದವರು ನೋಂದಣಿಗೆ ಬದ್ಧರಾದ ದಿನದಿಂದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಅವಧಿಯೊಳಗೆ ಅರ್ಜಿ ಸಲ್ಲಿಸಿದರೆ ಆಗ ಅಂಗಡಿಯಲ್ಲಿರುವ ದಾಸ್ತಾನಿನ ಮೇಲೆ ಕಟ್ಟಿದ ತೆರಿಗೆಯ ಜಮೆಯನ್ನು, ನಿಯಮಗಳಿಗೆ ಒಳಪಟ್ಟು, 18ನೇ ಕಲಮಿನಂತೆ ಪಡೆಯಬಹುದು. ತಡಮಾಡಿದರೆ ಆ ಹಕ್ಕು ಹೋಗುತ್ತದೆ. ಗ್ರಾಹಕರಿಂದ ವಸೂಲಿ ಮಾಡದ ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಅದರೊಂದಿಗೆ ಬಡ್ಡಿ ಮತ್ತು ದಂಡವೂ ಸೇರುತ್ತವೆ. ಶೇ. 5ರಿಂದ 8ರ ಲಾಭದಲ್ಲಿ ನಡೆಯುವ ಅಂಗಡಿಗೆ ಇದು ತಡೆದುಕೊಳ್ಳುವ ಹೊರೆಯಲ್ಲ.

ಆದಾಯ ತೆರಿಗೆಯ ದೃಷ್ಟಿ

1961ರ ಆದಾಯ ತೆರಿಗೆ ಕಾಯ್ದೆಯು ಟರ್ನೋವರ್ ಪದವನ್ನು ಅನೇಕ ಕಡೆ ಬಳಸಿತ್ತು. ಆದರೆ ತೆರಿಗೆ ಆಡಿಟ್‌ನ ಕಲಮಿಗಾಗಿ ಅದನ್ನು ಎಲ್ಲಿಯೂ ವ್ಯಾಖ್ಯಾನಿಸಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಮಾರ್ಗದರ್ಶಿ ಟಿಪ್ಪಣಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಹೊಸ ಕಾಯ್ದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದ್ದರೂ ಇಲ್ಲಿ ಹೇಳುವ ಮಿತಿಗಳು ಮುಂದುವರಿದಿವೆ.

ವ್ಯಾಪಾರದ ಟರ್ನೋವರ್ 1 ಕೋಟಿ ರೂಪಾಯಿ ಮೀರಿದರೆ ತೆರಿಗೆ ಆಡಿಟ್ ಆಗಬೇಕು. ನಗದು ಸ್ವೀಕೃತಿ ಹಾಗೂ ನಗದು ಪಾವತಿ ಎರಡೂ ತಮ್ಮ ತಮ್ಮ ಒಟ್ಟು ಮೊತ್ತದ ಶೇ. 5ನ್ನು ಮೀರದಿದ್ದರೆ ಈ ಮಿತಿ 10 ಕೋಟಿಗೆ ಏರುತ್ತದೆ. ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವ ಸೌಲಭ್ಯಕ್ಕೆ 2 ಕೋಟಿಯ ಮಿತಿ. ನಗದು ಸ್ವೀಕೃತಿ ಶೇ. 5ರೊಳಗಿದ್ದರೆ 3 ಕೋಟಿ. ಆ ಸೌಲಭ್ಯದಲ್ಲಿ ಲಾಭವನ್ನು ಟರ್ನೋವರಿನ ಶೇ. 8 ಎಂದೂ, ಬ್ಯಾಂಕ್ ಮೂಲಕ ಬಂದ ಭಾಗಕ್ಕೆ ಶೇ. 6 ಎಂದೂ ಎಣಿಸಲಾಗುತ್ತದೆ.

ಟರ್ನೋವರಿನಲ್ಲಿ ಏನು ಸೇರುತ್ತದೆ, ಏನು ಸೇರದು ಎಂಬುದಕ್ಕೆ ಮಾರ್ಗದರ್ಶಿ ಟಿಪ್ಪಣಿಯ ಕೆಲವು ಸೂತ್ರಗಳು ನೆನಪಿಡತಕ್ಕವು. ಬಿಲ್ಲಿನಲ್ಲಿಯೇ ಕೊಟ್ಟ ವ್ಯಾಪಾರಿ ರಿಯಾಯಿತಿಯನ್ನು ಕಳೆಯಬಹುದು. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಕೊಂಡ ಗ್ರಾಹಕರಿಗೆ ಕೊಡುವ ಟರ್ನೋವರ್ ರಿಯಾಯಿತಿಯನ್ನೂ ಕಳೆಯಬಹುದು. ಬೇಗ ಹಣ ಕೊಟ್ಟದ್ದಕ್ಕಾಗಿ ಬಿಲ್ಲಿನ ಹೊರಗೆ ನೀಡುವ ನಗದು ರಿಯಾಯಿತಿಯನ್ನು ಕಳೆಯುವಂತಿಲ್ಲ. ಅದು ಹಣಕಾಸಿನ ವೆಚ್ಚ. ಮೂರನೆಯವರಿಗೆ ಕೊಟ್ಟ ಕಮಿಷನ್ನನ್ನೂ ಕಳೆಯುವಂತಿಲ್ಲ. ಕಾರ್ಖಾನೆಯ ಗುಜರಿ ಮಾರಾಟ ಸೇರುತ್ತದೆ. ಹಳೆಯ ಯಂತ್ರದ ಮಾರಾಟ ಸೇರುವುದಿಲ್ಲ. ಜಿಎಸ್‌ಟಿಯಲ್ಲಿ ಅದು ಸೇರುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಎಪಿಎಂಸಿ ಪ್ರಾಂಗಣದ ಅಡತಿ ವರ್ತಕರಿಗೆ ಈ ಭೇದ ಇನ್ನೂ ಮಹತ್ವದ್ದು. ಕೇಂದ್ರ ನೇರ ತೆರಿಗೆಗಳ ಮಂಡಳಿಯು 1986ರ ಮಾರ್ಚ್ 17ರಂದು ಹೊರಡಿಸಿದ 452ನೇ ಸುತ್ತೋಲೆಯಂತೆ, ರೈತರ ಪರವಾಗಿ ಮಾಲನ್ನು ಮಾರಿಸಿಕೊಟ್ಟು ದಲಾಲಿಯನ್ನು ಮಾತ್ರ ಪಡೆಯುವ ಕಚ್ಚಾ ಅಡತಿಯವರಿಗೆ ದಲಾಲಿಯ ಮೊತ್ತವೇ ಟರ್ನೋವರ್. ಸ್ವಂತ ಹೊಣೆಯ ಮೇಲೆ ಕೊಂಡು ಮಾರುವ ಪಕ್ಕಾ ಅಡತಿಯವರಿಗೆ ಮಾರಾಟದ ಪೂರ್ಣ ಮೊತ್ತವೇ ಟರ್ನೋವರ್. ಬ್ಯಾಡಗಿಯ ಮಾರುಕಟ್ಟೆಯಲ್ಲಿ 5 ಕೋಟಿ ರೂಪಾಯಿಯ ಮೆಣಸಿನಕಾಯಿಯನ್ನು ಶೇ. 2ರ ದಲಾಲಿಗೆ ಮಾರಿಸಿಕೊಟ್ಟವರಿದ್ದಾರೆಂದು ಭಾವಿಸಿದರೆ, ಆದಾಯ ತೆರಿಗೆಯಲ್ಲಿ ಅವರ ಟರ್ನೋವರ್ 10 ಲಕ್ಷ ಮಾತ್ರ. ಆದರೆ ಜಿಎಸ್‌ಟಿ ಕಾಯ್ದೆಯ 22ನೇ ಕಲಮಿನ ವಿವರಣೆಯು ಮಾಲಿನ ಒಡೆಯರ ಪರವಾಗಿ ಮಾಡಿದ ಪೂರೈಕೆಯನ್ನೂ ಒಟ್ಟು ಟರ್ನೋವರಿಗೆ ಸೇರಿಸುತ್ತದೆ. ಆದ್ದರಿಂದ ಬಿಲ್ಲನ್ನು ಯಾರ ಹೆಸರಿನಲ್ಲಿ ಹಾಕಲಾಗುತ್ತಿದೆ ಎಂಬುದನ್ನು ಅಡತಿ ಅಂಗಡಿಯವರು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಷೇರು ಪೇಟೆಯ ಫ್ಯೂಚರ್ಸ್ ವ್ಯವಹಾರದಲ್ಲಿ ಕೈಯಾಡಿಸುವ ವರ್ತಕರಿಗೆ ಮತ್ತೊಂದು ಲೆಕ್ಕ. ಅಲ್ಲಿ ಸೌದೆಗಳ ಪೂರ್ಣ ಮೌಲ್ಯವು ಟರ್ನೋವರ್ ಅಲ್ಲ. ಲಾಭದ ಮೊತ್ತಗಳನ್ನೂ ನಷ್ಟದ ಮೊತ್ತಗಳನ್ನೂ ಕೂಡಿಸಿದರೆ ಬರುವುದೇ ಟರ್ನೋವರ್. ಕೆಲವು ಸೌದೆಗಳಲ್ಲಿ 6 ಲಕ್ಷ ಲಾಭ, ಉಳಿದವುಗಳಲ್ಲಿ 9 ಲಕ್ಷ ನಷ್ಟವಾಗಿದ್ದರೆ ನಿವ್ವಳ ನಷ್ಟ 3 ಲಕ್ಷ, ಟರ್ನೋವರ್ 15 ಲಕ್ಷ.

ಎಂಎಸ್‌ಎಂಇ ವರ್ಗೀಕರಣ

2006ರ ಕಾಯ್ದೆಯಡಿ ಕೈಗಾರಿಕೆಯ ಗಾತ್ರವನ್ನು ಯಂತ್ರೋಪಕರಣಗಳ ಬಂಡವಾಳದಿಂದ ಮಾತ್ರ ಅಳೆಯಲಾಗುತ್ತಿತ್ತು. 2020ರ ಜುಲೈ 1ರಿಂದ ಟರ್ನೋವರ್ ಕೂಡ ಒಂದು ಅಳತೆಯಾಯಿತು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಗಳಂತೆ ಬಂಡವಾಳ 2.5 ಕೋಟಿ ಹಾಗೂ ಟರ್ನೋವರ್ 10 ಕೋಟಿ ಮೀರದಿದ್ದರೆ ಅದು ಅತಿಸಣ್ಣ ಉದ್ಯಮ. 25 ಕೋಟಿ ಮತ್ತು 100 ಕೋಟಿಯವರೆಗೆ ಸಣ್ಣ, 125 ಕೋಟಿ ಮತ್ತು 500 ಕೋಟಿಯವರೆಗೆ ಮಧ್ಯಮ. ಎರಡರಲ್ಲಿ ಯಾವುದಾದರೂ ಒಂದು ಮೀರಿದರೂ ಉದ್ಯಮವು ಮೇಲಿನ ವರ್ಗಕ್ಕೆ ಹೋಗುತ್ತದೆ.

ಇಲ್ಲಿ ಟರ್ನೋವರಿನಿಂದ ರಫ್ತಿನ ಮೊತ್ತವನ್ನು ಕಳೆಯಬೇಕೆಂಬುದು ಅನೇಕರಿಗೆ ತಿಳಿದಿಲ್ಲ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬರಬೇಕಾದ ಬಾಕಿಯನ್ನು ಖರೀದಿದಾರರು 45 ದಿನಗಳೊಳಗೆ ಕೊಡಬೇಕೆಂಬ ರಕ್ಷಣೆ ಈ ವರ್ಗೀಕರಣದ ಮೇಲೆಯೇ ನಿಂತಿರುವುದರಿಂದ, ಮಧ್ಯಮ ವರ್ಗಕ್ಕೆ ತಪ್ಪಾಗಿ ಏರಿದ ಉದ್ಯಮವು ಆ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಉದ್ಯಮ್ ಪೋರ್ಟಲ್ ತೆರಿಗೆ ದಾಖಲೆಗಳಿಂದ ಅಂಕಿಗಳನ್ನು ತಾನೇ ಪಡೆಯುವುದರಿಂದ ಅಲ್ಲಿ ಯಾವ ಅಂಕಿ ಬಂದಿದೆ ಎಂದು ವರ್ಷಕ್ಕೊಮ್ಮೆಯಾದರೂ ನೋಡುವುದು ಒಳಿತು. ಸಗಟು ಹಾಗೂ ಚಿಲ್ಲರೆ ವರ್ತಕರಿಗೆ 2021ರ ಜುಲೈಯಿಂದ ಉದ್ಯಮ್ ನೋಂದಣಿಗೆ ಅವಕಾಶ ದೊರೆತಿದೆ. ಆದರೆ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತ. 45 ದಿನಗಳ ರಕ್ಷಣೆ ಅವರಿಗಿಲ್ಲ.

ಬ್ಯಾಂಕಿನ ಟರ್ನೋವರ್

ಸಣ್ಣ ಉದ್ಯಮಗಳ ದುಡಿಯುವ ಬಂಡವಾಳದ ಸಾಲಕ್ಕೆ ಬ್ಯಾಂಕುಗಳು ಅನುಸರಿಸುವ ‘ಟರ್ನೋವರ್ ಪದ್ಧತಿ’ಯು ರಿಸರ್ವ್ ಬ್ಯಾಂಕು 1991ರಲ್ಲಿ ನೇಮಿಸಿದ ಪಿ.ಆರ್. ನಾಯಕ್ ಸಮಿತಿಯ ಶಿಫಾರಸಿನಿಂದ ಬಂದದ್ದು. ಮುಂದಿನ ವರ್ಷದ ಅಂದಾಜು ಟರ್ನೋವರ್ 100 ರೂಪಾಯಿಯಾದರೆ ದುಡಿಯುವ ಬಂಡವಾಳದ ಅಗತ್ಯ 25 ರೂಪಾಯಿ. ಅದರಲ್ಲಿ 5 ರೂಪಾಯಿಯನ್ನು ಉದ್ದಿಮೆದಾರರು ಹಾಕಬೇಕು. ಬ್ಯಾಂಕು ಕನಿಷ್ಠ 20 ರೂಪಾಯಿ ಕೊಡಬೇಕು. 5 ಕೋಟಿ ರೂಪಾಯಿವರೆಗಿನ ಸಾಲಮಿತಿಗೆ ಈ ಪದ್ಧತಿ ಅನ್ವಯಿಸುತ್ತದೆ.

ಈ 25 ರೂಪಾಯಿಯ ಹಿಂದೆ ಪದದ ಮೂಲಾರ್ಥವೇ ಇದೆ. ಬಂಡವಾಳವು ವರ್ಷದಲ್ಲಿ ನಾಲ್ಕು ಸಲ, ಅಂದರೆ ಮೂರು ತಿಂಗಳಿಗೊಮ್ಮೆ, ಹೊರಳುತ್ತದೆ ಎಂಬುದು ಅದರ ಆಧಾರ. ಕಚ್ಚಾವಸ್ತು ಕೊಂಡ ದಿನದಿಂದ ಬಾಕಿ ವಸೂಲಿಯ ದಿನದವರೆಗೆ ನಾಲ್ಕೂವರೆ ತಿಂಗಳು ಹಿಡಿಯುವ ಉದ್ಯಮಕ್ಕೆ ಶೇ. 20 ಸಾಲುವುದಿಲ್ಲ. ಅಂತಹವರು ಹೆಚ್ಚಿನ ಮಿತಿಯನ್ನು ಕಾರಣಸಹಿತವಾಗಿ ಕೇಳಬಹುದು.

ದಾಸ್ತಾನಿಗೂ ಇದೇ ನ್ಯಾಯ. ಮಾರಿದ ಸರಕಿನ ಅಸಲು ವರ್ಷಕ್ಕೆ 60 ಲಕ್ಷ, ಸರಾಸರಿ ದಾಸ್ತಾನು 10 ಲಕ್ಷವಾದರೆ ದಾಸ್ತಾನು ಆರು ಸಲ ಹೊರಳಿದೆ. ದಾಸ್ತಾನು 20 ಲಕ್ಷವಾದರೆ ಮೂರೇ ಸಲ. ಮಾರಾಟ ಅಷ್ಟೇ ಇದ್ದರೂ ಎರಡನೆಯವರು 10 ಲಕ್ಷಕ್ಕೆ ಹೆಚ್ಚುವರಿ ಬಡ್ಡಿ ತೆರುತ್ತಾರೆ. ಮಾರಾಟದ ಟರ್ನೋವರ್ ಮಾತ್ರ ನೋಡಿ ಹಿಗ್ಗುವವರು ಈ ಇನ್ನೊಂದು ಟರ್ನೋವರನ್ನೂ ನೋಡಬೇಕು.

ರಫ್ತುದಾರರಿಗೆ ಒಂದು ಸೂಚನೆ. ಬ್ರಿಟನ್ನಿನಲ್ಲಿ ಟರ್ನೋವರ್ ಎಂದರೆ ನಮ್ಮಲ್ಲಿಯಂತೆ ಮಾರಾಟದ ಮೊತ್ತ. ಅಮೆರಿಕದಲ್ಲಿ ಮಾರಾಟದ ಮೊತ್ತಕ್ಕೆ ‘ಸೇಲ್ಸ್’ ಅಥವಾ ‘ರೆವೆನ್ಯೂ’ ಎಂಬ ಪದಗಳೇ ರೂಢಿ. ಅಲ್ಲಿನ ಖರೀದಿದಾರರು ಟರ್ನೋವರ್ ಕೇಳಿದಾಗ, ವರ್ಷದಲ್ಲಿ ಕೆಲಸ ಬಿಟ್ಟುಹೋದ ನೌಕರರ ಪ್ರಮಾಣವನ್ನು ಕೇಳುತ್ತಿರುವ ಸಂಭವವಿದೆ.

ಒಂದೇ ಉದ್ಯಮ, ಮೂರು ಅಂಕಿ

ಬೆಳಗಾವಿಯಲ್ಲಿ ಒಂದು ಫೌಂಡ್ರಿ, ಪುಣೆಯಲ್ಲಿ ಅದರ ಡಿಪೋ ಇದೆಯೆಂದು ಭಾವಿಸೋಣ. ಜಿಎಸ್‌ಟಿ ಬಿಟ್ಟು ದೇಶದೊಳಗಿನ ಗ್ರಾಹಕರಿಗೆ ಮಾರಾಟ 6.20 ಕೋಟಿ, ರಫ್ತು 2.30 ಕೋಟಿ, ಡಿಪೋಗೆ ಕಳುಹಿಸಿದ ಮಾಲು 1.40 ಕೋಟಿ, ಹಳೆಯ ಯಂತ್ರದ ಮಾರಾಟ 0.15 ಕೋಟಿ. ಡಿಪೋದಿಂದ ಗ್ರಾಹಕರಿಗೆ ಆದ ಮಾರಾಟವು 6.20 ಕೋಟಿಯಲ್ಲಿಯೇ ಸೇರಿದೆ.

ಜಿಎಸ್‌ಟಿಯ ಒಟ್ಟು ಟರ್ನೋವರ್ ನಾಲ್ಕನ್ನೂ ಕೂಡಿ 10.05 ಕೋಟಿ. ಆದಾಯ ತೆರಿಗೆಯ ಟರ್ನೋವರ್ 8.50 ಕೋಟಿ. ಎಂಎಸ್‌ಎಂಇ ವರ್ಗೀಕರಣಕ್ಕೆ ರಫ್ತನ್ನು ಕಳೆದು 6.20 ಕೋಟಿ. ಬ್ಯಾಂಕ್ ಖಾತೆಯ ಜಮೆಯಲ್ಲಿ ಗ್ರಾಹಕರಿಂದ ಪಡೆದ ಜಿಎಸ್‌ಟಿಯೂ ಸೇರಿರುವುದರಿಂದ ಅದು ಈ ಮೂರಕ್ಕೂ ಹೊಂದುವುದಿಲ್ಲ.

ಇವುಗಳಲ್ಲಿ ಯಾವ ಅಂಕಿಯೂ ಸುಳ್ಳಲ್ಲ. ಆದರೆ ಪರಿಣಾಮಗಳು ಬೇರೆ ಬೇರೆ. ಸ್ವಂತ ಅಥವಾ ಪಾಲುದಾರಿಕೆಯ ಸಂಸ್ಥೆಯಾಗಿದ್ದು ನಗದು ವ್ಯವಹಾರ ಶೇ. 5ರೊಳಗಿದ್ದರೆ 8.50 ಕೋಟಿಗೆ ತೆರಿಗೆ ಆಡಿಟ್ ಬೇಕಾಗದು. ಬಂಡವಾಳವು 2.5 ಕೋಟಿಯೊಳಗಿದ್ದರೆ ಉದ್ಯಮ ಅತಿಸಣ್ಣ ವರ್ಗದಲ್ಲಿಯೇ ಇರುತ್ತದೆ. ಜಿಎಸ್‌ಟಿಯಲ್ಲಿ ಮಾತ್ರ 10 ಕೋಟಿಯ ಗಡಿ ದಾಟಿರುವುದರಿಂದ, 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಪ್ರತಿಯೊಂದು ಇ-ಇನ್ವಾಯ್ಸನ್ನೂ 30 ದಿನಗಳೊಳಗೆ ಪೋರ್ಟಲಿಗೆ ಏರಿಸಬೇಕು. ‘ನಮ್ಮ ಟರ್ನೋವರ್ ಎಂಟೂವರೆ ಕೋಟಿ’ ಎಂದು ನಂಬಿ ಕುಳಿತವರ ಬಿಲ್ಲು ಅಲ್ಲಿ ತಿರಸ್ಕೃತವಾಗುತ್ತದೆ. ಅವರ ಗ್ರಾಹಕರ ತೆರಿಗೆ ಜಮೆಗೂ ತೊಡಕಾಗುತ್ತದೆ.

ಯಾವ ವರ್ಷದ ಟರ್ನೋವರ್?

ಅಂಕಿಯಷ್ಟೇ ವರ್ಷವೂ ಮುಖ್ಯ. ಜಿಎಸ್‌ಟಿ ನೋಂದಣಿಗೆ ನಡೆಯುತ್ತಿರುವ ವರ್ಷದ ಟರ್ನೋವರ್. ಕಾಂಪೋಸಿಷನ್ ಅರ್ಹತೆಗೆ ಹಿಂದಿನ ವರ್ಷದ್ದು. ವರ್ಷದ ನಡುವೆ ಮಿತಿ ಮೀರಿದರೆ ಅಂದಿನಿಂದಲೇ ಯೋಜನೆ ಕೊನೆಗೊಳ್ಳುತ್ತದೆ. ತೆರಿಗೆ ಆಡಿಟ್‌ಗೆ ಆಯಾ ವರ್ಷದ್ದೇ. ಒಬ್ಬ ಮಾರಾಟಗಾರರಿಂದ ವರ್ಷದಲ್ಲಿ 50 ಲಕ್ಷ ಮೀರಿ ಮಾಲು ಕೊಂಡಾಗ ಶೇ. 0.1ರ ಟಿಡಿಎಸ್ ಹಿಡಿಯುವ ಹೊಣೆಗೆ ಖರೀದಿದಾರರ ಹಿಂದಿನ ವರ್ಷದ ಟರ್ನೋವರ್ 10 ಕೋಟಿ ಮೀರಿರಬೇಕು. ಇ-ಇನ್ವಾಯ್ಸ್ ವಿಷಯದಲ್ಲಿ ನಿಯಮ ಇನ್ನೂ ಕಠಿಣ. 2017-18ರಿಂದ ಈಚೆಗೆ ಹಿಂದಿನ ಯಾವುದೇ ಒಂದು ವರ್ಷದಲ್ಲಿ 5 ಕೋಟಿ ಮೀರಿದ್ದರೂ, ಈಗ ವ್ಯಾಪಾರ ಕುಗ್ಗಿದ್ದರೂ, ಅದು ಕಡ್ಡಾಯ.

ಸದಸ್ಯರು ಗಮನಿಸಬೇಕಾದುದು

‘ತೆರಿಗೆಗೆ ಒಂದು ಟರ್ನೋವರ್, ಬ್ಯಾಂಕಿಗೆ ಇನ್ನೊಂದು’ ಎಂಬ ಹಳೆಯ ರೂಢಿಯ ಕಾಲ ಮುಗಿದಿದೆ. ಜಿಎಸ್‌ಟಿ ರಿಟರ್ನ್‌ನ ಟರ್ನೋವರ್ ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪತ್ರದಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಬ್ಯಾಂಕುಗಳೂ ಅದೇ ರಿಟರ್ನ್‌ಗಳನ್ನು ಕೇಳುತ್ತವೆ. ಹೀಗಿರುವಾಗ ಅಂಕಿಗಳು ಬೇರೆ ಬೇರೆಯಾಗಿ ಕಾಣುವುದು ಅಪರಾಧವಲ್ಲ. ಕಾಯ್ದೆಗಳೇ ಅವನ್ನು ಬೇರೆ ಮಾಡಿವೆ. ವ್ಯತ್ಯಾಸಕ್ಕೆ ವಿವರಣೆ ಇಲ್ಲದಿರುವುದೇ ಸಂಶಯಕ್ಕೆ ಎಡೆಮಾಡುತ್ತದೆ.

ಆದ್ದರಿಂದ ಪ್ರತಿವರ್ಷ ಮಾರ್ಚ್ ಮುಗಿದೊಡನೆ ಒಂದು ಪುಟದ ಹೊಂದಾಣಿಕೆ ಪಟ್ಟಿಯನ್ನು ತಯಾರಿಸಿಡುವುದು ಲೇಸು. ಪುಸ್ತಕದ ಮಾರಾಟದಿಂದ ಆರಂಭಿಸಿ, ಶಾಖಾ ಸಾಗಣೆ, ಹಳೆಯ ಆಸ್ತಿಯ ಮಾರಾಟ, ಬಾಡಿಗೆ ಮತ್ತು ಇತರ ಪೂರೈಕೆಗಳನ್ನು ಕೂಡಿಸಿ ಜಿಎಸ್‌ಟಿಯ ಅಂಕಿಗೆ ಬರಬೇಕು. ರಫ್ತನ್ನು ಕಳೆದು ಎಂಎಸ್‌ಎಂಇ ಅಂಕಿಗೆ ಬರಬೇಕು. ತೆರಿಗೆ, ಸಾಲ, ಸ್ವಂತ ವರ್ಗಾವಣೆ ಹಾಗೂ ಬಾಕಿಗಳನ್ನು ಹೊಂದಿಸಿ ಬ್ಯಾಂಕ್ ಜಮೆಯ ಅಂಕಿಗೆ ಬರಬೇಕು. ಈ ಪಟ್ಟಿ ಕೈಯಲ್ಲಿದ್ದರೆ ನೋಟಿಸಿಗೆ ಉತ್ತರ ಬರೆಯುವುದು ಒಂದು ದಿನದ ಕೆಲಸ. ಇಲ್ಲದಿದ್ದರೆ ಮೂರು ವರ್ಷಗಳ ಹಿಂದಿನ ಕೈಗಡವನ್ನು ನೆನಪಿನಿಂದ ಹುಡುಕಬೇಕಾಗುತ್ತದೆ.

ಇನ್ನು ಮುಂದೆ ಯಾರಾದರೂ ಟರ್ನೋವರ್ ಎಷ್ಟೆಂದು ಕೇಳಿದಾಗ ಅಂಕಿ ಹೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ: ಯಾವ ಕಾಯ್ದೆಯ ಟರ್ನೋವರ್? ಯಾವ ವರ್ಷದ್ದು? ಏನನ್ನು ಸೇರಿಸಿ, ಏನನ್ನು ಬಿಟ್ಟು? ಈ ಮೂರಕ್ಕೂ ಉತ್ತರ ತಿಳಿದ ನಂತರ ಬರೆದ ಅಂಕಿಯನ್ನು ಯಾವ ಅಧಿಕಾರಿಯ ಮುಂದೆಯೂ ಧೈರ್ಯದಿಂದ ಸಮರ್ಥಿಸಬಹುದು.